ನಲವತ್ತು ಜನ ಬೇಡ, ನಾಲ್ಕು ಜನ ಸಾಕು: ಮೈಸೂರಿನ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮೈಸೂರಿನ ಪಿಯು, ಪದವಿ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರು ಹಾಗೂ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಗಳು

ಮಾನ್ಯರೇ, ನಮಸ್ಕಾರ. ಅಂಧ ಹುಡುಗಿಯರ ಓದಿಗೂ ಪರೀಕ್ಷೆಗೂ ನಿಮ್ಮ ವಿದ್ಯಾರ್ಥಿಗಳ ನೆರವು ಕೇಳಲು ಈ ಪತ್ರ.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಕೌಂಟರಿಗೆ ಒಂದು ದಪ್ಪ ಕಟ್ಟು ಬಂತು. ಒಂದೇ ಒಂದು ಸ್ಟಾಂಪ್ ಇರಲಿಲ್ಲ. ನಾನು ವಾಪಸ್ ಕೊಡಲು ಹೊರಟಿದ್ದೆ, ಪಕ್ಕದಲ್ಲಿದ್ದ ಹಿರಿಯರು ತಡೆದು, "ಅದು ಬ್ರೈಲ್ ಪುಸ್ತಕ ಕಣಮ್ಮಾ, ಅದಕ್ಕೆ ಸ್ಟಾಂಪ್ ಬೇಡ" ಅಂದರು. ಕಣ್ಣು ಕಾಣದವರ ಓದಿಗೆ ಹೋಗುವ ಕಟ್ಟು 7 ಕೆಜಿ ತನಕ ನಮ್ಮ ಅಂಚೆಯಲ್ಲಿ ಪುಕ್ಕಟೆ. ಆಮೇಲೆ ಅಂಥ ಕಟ್ಟುಗಳು ಬರುತ್ತಲೇ ಇದ್ದವು, ಹೆಚ್ಚಿನವು ಒಂದೇ ವಿಳಾಸಕ್ಕೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ ಒಂದು ದಿನ ಆ ವಿಳಾಸ ಹುಡುಕಿಕೊಂಡು ಹೋದೆ. ಅದು ಅಂಧ ಹೆಣ್ಣುಮಕ್ಕಳ ಹಾಸ್ಟೆಲ್. ಪಿಯು, ಡಿಗ್ರಿ ಓದುವ ಇಪ್ಪತ್ತೆರಡು ಹುಡುಗಿಯರಿದ್ದಾರೆ. ಅಲ್ಲಿ ನನಗೆ 'ಪೋಸ್ಟ್ ಆಂಟಿ' ಅಂತಲೇ ಹೆಸರು. ಈಗ ಆರು ವರ್ಷವಾಯಿತು.

ಹಾಸ್ಟೆಲಿನ ಹೆಸರನ್ನಾಗಲಿ, ಮಕ್ಕಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಯಾವ ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಓದಿದವರಿಗೆ ತಮ್ಮದು ಯಾವುದು ಅಂತ ಗೊತ್ತಾಗುತ್ತದೆ, ಅಷ್ಟು ಸಾಕು.

ಅಲ್ಲಿ ನನ್ನ ಮುಖ್ಯ ಕೆಲಸ ಸ್ಕ್ರೈಬ್ ಹುಡುಕುವುದು. ಅಂದರೆ ಪರೀಕ್ಷೆಯಲ್ಲಿ ಪಕ್ಕ ಕೂತು ಪ್ರಶ್ನೆ ಓದಿ ಹೇಳಿ, ಹುಡುಗಿ ಹೇಳಿದ ಉತ್ತರವನ್ನು ಹೇಳಿದ ಹಾಗೇ ಬರೆಯುವವರು. "ನೀವೇ ಬರೆಯಬಹುದಲ್ಲ ಮೇಡಂ, ಫ್ರೀ ಇದ್ದೀರಿ" ಅಂತ ಎಷ್ಟೋ ಜನ ಕೇಳಿದ್ದಾರೆ. ಬರೆಯುವ ಹಾಗಿಲ್ಲ. ನಾವೇ ಸ್ಕ್ರೈಬ್ ಕರೆದುಕೊಂಡು ಹೋದರೆ, ಅವರು ಪರೀಕ್ಷೆ ಬರೆಯುವವರಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ನನ್ನದು ಬಿ.ಕಾಂ. ಆಗಿದೆ. ಹಾಗಾಗಿ ಬಿ.ಎ. ಓದುವ ಹುಡುಗಿಗೆ ನಾನೂ ಆಗುವುದಿಲ್ಲ, ನಿಮ್ಮ ಲೆಕ್ಚರರುಗಳೂ ಆಗುವುದಿಲ್ಲ, ಬೀದಿ ಕೊನೆಯ ರಿಟೈರ್ಡ್ ಮೇಷ್ಟ್ರೂ ಆಗುವುದಿಲ್ಲ. ಆಗುವವರು ಯಾರು? ಪಿಯು ಹುಡುಗಿಯರು, ಡಿಗ್ರಿಯ ಮೊದಲ ವರ್ಷದವರು. ಅಂದರೆ ನಿಮ್ಮ ಕಾಂಪೌಂಡಿನ ಒಳಗಿರುವ ಮಕ್ಕಳು ಮಾತ್ರ. ಈ ಪತ್ರವನ್ನು ನಿಮಗೇ ಬರೆಯುತ್ತಿರುವುದು ಅದಕ್ಕೆ.

ಕಳೆದ ಸೆಮಿಸ್ಟರಿನ ಒಂದು ಬೆಳಗ್ಗೆ ಏನಾಯಿತು ಅಂತ ಹೇಳುತ್ತೇನೆ.

ಐದನೇ ಸೆಮಿಸ್ಟರ್ ಬಿ.ಎ., ಇತಿಹಾಸ ಪತ್ರಿಕೆ, ಹತ್ತು ಗಂಟೆಗೆ ಶುರು. ಪರೀಕ್ಷೆ ಬರೆಯಬೇಕಾದ ನಮ್ಮ ಹುಡುಗಿ, ನಾನು ಇಬ್ಬರೂ ಒಂಬತ್ತಕ್ಕೇ ಸೆಂಟರಿನಲ್ಲಿದ್ದೆವು. ಒಂಬತ್ತು ಕಾಲಿಗೆ ಸ್ಕ್ರೈಬ್ ಹುಡುಗಿಯ ಫೋನ್ ಬಂತು. ಬೇರೊಂದು ಕಾಲೇಜಿನ ಮೊದಲ ವರ್ಷದ ಬಿ.ಕಾಂ. ಹುಡುಗಿ, ಹಿಂದೆ ಎರಡು ಪತ್ರಿಕೆ ಚೆನ್ನಾಗಿ ಬರೆದುಕೊಟ್ಟಿದ್ದಳು. ಅಳುತ್ತಿದ್ದಳು. "ಆಂಟಿ, ಇವತ್ತು ಇಂಟರ್ನಲ್ಸ್ ಇಟ್ಟುಬಿಟ್ಟಿದ್ದಾರೆ. ಕೇಳಿದೆ ಆಂಟಿ, ಅದು ನಿನ್ನ ಪರ್ಸನಲ್ ವಿಷಯ ಅಂದ್ರು. ಬಿಟ್ಟರೆ ಮಾರ್ಕ್ಸ್ ಕೊಡಲ್ವಂತೆ." ನಾನು ಆ ಮಗುವಿಗೆ ಏನು ಹೇಳಲಿ? ಹೋಗಿ ಬರಿ ತಾಯಿ ಅಂದೆ.

ಆಮೇಲೆ ನಮ್ಮ ಹುಡುಗಿಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ರಸ್ತೆಗೆ ಓಡಿದೆ. ಅರವತ್ತಾರು ವರ್ಷದವಳು ಬಸ್ ಸ್ಟಾಪಿನಲ್ಲಿ ನಿಂತು ಕೊರಳಲ್ಲಿ ಐಡಿ ಕಾರ್ಡ್ ಇದ್ದ ಮಕ್ಕಳನ್ನೆಲ್ಲ ತಡೆದು, "ಒಂದು ಪರೀಕ್ಷೆ ಬರೆದುಕೊಡ್ತೀಯಾ?" ಅಂತ ಕೇಳಿದರೆ ಯಾರು ನಂಬುತ್ತಾರೆ ಹೇಳಿ. ಇಬ್ಬರು ನಕ್ಕರು, ಒಬ್ಬ ವಿಡಿಯೋ ಮಾಡಿದ. ಕೊನೆಗೆ ಟ್ಯೂಷನ್ನಿಗೆ ಹೊರಟಿದ್ದ ಸೆಕೆಂಡ್ ಪಿಯು ಹುಡುಗಿಯೊಬ್ಬಳು ನಿಂತಳು. ಅವಳ ತಾಯಿಗೆ ಫೋನ್ ಮಾಡಿ ಮಾತಾಡಿಸಿದೆ. ಆ ತಾಯಿ ಒಪ್ಪಿದರು. ಸೆಂಟರಿನ ಮುಖ್ಯಸ್ಥರೂ ಒಳ್ಳೆಯವರು, ಗೊತ್ತಿದ್ದವರು. ತುರ್ತಿನಲ್ಲಿ ಸ್ಕ್ರೈಬ್ ಬದಲಿಸಲು ಅವಕಾಶ ಕೊಡಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ ಅಂತ ಅವರೇ ಹೇಳಿ ಒಳಗೆ ಬಿಟ್ಟರು. ಬರೆಯಲು ಶುರು ಮಾಡುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಗಿತ್ತು.

ಬಾಗಿಲ ಹೊರಗೆ ನಿಂತ ನನಗೆ ಮೊದಮೊದಲು ಸ್ವಲ್ಪ ಕೇಳಿಸುತ್ತಿತ್ತು. ಪಾಪ, ಆ ಪಿಯು ಹುಡುಗಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ನಮ್ಮವಳು "ಸಹಾಯಕ ಸೈನ್ಯ ಪದ್ಧತಿ" ಅಂತಾಳೆ, ಅವಳ ಪೆನ್ನು ನಿಲ್ಲುತ್ತದೆ. "ಅಕ್ಕಾ, ದಕ್ಕೆ ಧ ಒತ್ತು. ಮಹಾಪ್ರಾಣ." ಮತ್ತೆ ಎರಡು ಸಾಲು. ಮತ್ತೆ ನಿಲ್ಲುತ್ತದೆ. "ವೆಲ್ಲೆಸ್ಲಿ, ಲಕ್ಕೆ ಲ ಒತ್ತು." ತನಗಿಂತ ಮೂರು ವರ್ಷ ಚಿಕ್ಕವಳನ್ನು ಅಕ್ಕಾ ಅಂತಿದ್ದಳು, ಅವಳಿಗೆ ಕೋಪ ಬರಬಾರದು ಅಂತ. ಹುಟ್ಟಿನಿಂದ ಒಂದು ಕನ್ನಡ ಅಕ್ಷರವನ್ನೂ ಕಣ್ಣಲ್ಲಿ ನೋಡದವಳು, ಕಣ್ಣಿರುವವಳಿಗೆ ಒತ್ತಕ್ಷರ ಹೇಳಿಕೊಡುತ್ತಾ ಬ್ರಿಟಿಷರ ಇತಿಹಾಸ ಬರೆಸುತ್ತಿದ್ದಳು. ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಇದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಆ ಒಂದು ಗಂಟೆಯೆಲ್ಲ ಒತ್ತಿಗೇ ಹೋಯಿತು. ಹತ್ತು ಅಂಕದ ಒಂದು ಪ್ರಶ್ನೆ ಪೂರ್ತಿ ಬಿಟ್ಟುಹೋಯಿತು. ಉತ್ತರ ಅವಳಿಗೆ ಗೊತ್ತಿತ್ತು, ವಾಪಸ್ ಬರುವಾಗ ಆಟೋದಲ್ಲಿ ನನಗೆ ಪೂರ್ತಿ ಒಪ್ಪಿಸಿದಳು.

ಆ ಪಿಯು ಹುಡುಗಿಯ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅವಳಿಲ್ಲದಿದ್ದರೆ ಪತ್ರಿಕೆಯೇ ಇಲ್ಲ. ನನ್ನ ಬೇಸರ ಇರುವುದು ಆ "ಪರ್ಸನಲ್ ವಿಷಯ" ಅನ್ನೋ ಮಾತಿನ ಮೇಲೆ. ಯಾಕೆಂದರೆ ಅದೇ ಕಾಲೇಜಿನ ನಲವತ್ತು ಮಕ್ಕಳು ಜನವರಿ 4ಕ್ಕೆ, ಲೂಯಿ ಬ್ರೈಲ್ ಹುಟ್ಟಿದ ದಿನ, ನಮ್ಮ ಹಾಸ್ಟೆಲಿಗೆ ಬಸ್ಸಿನಲ್ಲಿ ಬಂದಿಳಿದರು. ಜೊತೆಗೆ ಬ್ಯಾನರ್. ಬ್ಯಾನರಿನಲ್ಲಿ ಆಡಳಿತ ಮಂಡಳಿಯವರ ಮೂರು ಫೋಟೋ. ಮೊಳೆ ಹೊಡೆಯಲು ಗೋಡೆ ಹುಡುಕಿದರು. ಅದು ಅವರ ಪರ್ಸನಲ್ ವಿಷಯ ಆಗಿರಲಿಲ್ಲ, ಅವತ್ತು ಎಲ್ಲರಿಗೂ ಅಟೆಂಡೆನ್ಸ್ ಇತ್ತು.

ಅವತ್ತು ಇನ್ನೂ ಎರಡು ಕಾಲೇಜಿನವರು ಬಂದಿದ್ದರು. ಒಟ್ಟು ಮೂರು ಕೇಕ್. ಇಪ್ಪತ್ತೆರಡು ಹುಡುಗಿಯರು ಒಂದೇ ದಿನ ಮೂರು ಸಲ ಚಪ್ಪಾಳೆ ತಟ್ಟಿ ಕೇಕ್ ತಿಂದರು. ಮಾರನೇ ದಿನ ಅವರಲ್ಲಿ ಹದಿಮೂರು ಜನಕ್ಕೆ ಟೆಸ್ಟ್ ಇತ್ತು, ಓದಿ ಹೇಳಲು ಒಬ್ಬರೂ ಇರಲಿಲ್ಲ. ಒಬ್ಬ ಹುಡುಗ ನಮ್ಮ ಹುಡುಗಿಯ ಮುಖದ ಮುಂದೆ ಕೈ ಹಿಡಿದು, "ಇದು ಎಷ್ಟು ಬೆರಳು ಹೇಳಿ" ಅಂದ. ಅವಳು ತಡ ಮಾಡಲಿಲ್ಲ. "ಎಷ್ಟಿದ್ರೂ ನಿಮ್ಮದೇ ಅಲ್ವಾ ಅಣ್ಣ, ನೀವೇ ಎಣಿಸ್ಕೊಳ್ಳಿ." ನಾನು ಅಡುಗೆಮನೆಗೆ ಹೋಗಿ ನಕ್ಕೆ. ಆ ಹುಡುಗ ಕೆಟ್ಟವನೇನಲ್ಲ, ಅವನಿಗೆ ಬರುವ ಮುಂಚೆ ಯಾರೂ ಏನೂ ಹೇಳಿಲ್ಲ, ಅಷ್ಟೇ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಹೇಳದೆ ನಿಮ್ಮ ತಪ್ಪು ಎತ್ತಿ ತೋರಿಸುವುದು ಸರಿಯಲ್ಲ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ 2018ರ ಸ್ಕೀಮ್ ಬಂದ ಮೇಲೆ ಮಕ್ಕಳು ನಾಲ್ಕು ವರ್ಷದಲ್ಲಿ ಸಮಾಜಸೇವೆಯಂಥ ಕೆಲಸ ಮಾಡಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು 75. ಒಳ್ಳೆಯ ನಿಯಮವೇ. ಆದರೆ ಕೊನೇ ವರ್ಷದಲ್ಲಿ ಇವಕ್ಕೆ ಒಮ್ಮೆಲೇ ಜ್ಞಾನೋದಯ ಆಗುತ್ತದೆ. ಒಂದು ಸಲ ಒಂಬತ್ತು ಹುಡುಗರು ಬಂದರು, ಎರಡು ಶನಿವಾರ ಒಂದೊಂದು ಗಂಟೆ ಕೂತರು, ಮೂರನೇ ಸಲ ಬರುವಾಗ ಟೈಪ್ ಮಾಡಿದ ಪತ್ರವನ್ನೇ ತಂದಿದ್ದರು. "80 ಗಂಟೆ ಸೇವೆ ಸಲ್ಲಿಸಿದ್ದಾರೆ." ಸೀಲ್ ಒತ್ತಿ ಸಹಿ ಮಾಡಿ ಕಳಿಸಿದೆವು. ಹಾಗೆ ಮಾಡಿದ್ದಕ್ಕೆ ಕಾರಣ ಅಂದರೆ, ಹಿಂದಿನ ತಿಂಗಳು ಅದೇ ಕಾಲೇಜಿನಿಂದ ನಾಲ್ಕು ಮೂಟೆ ಅಕ್ಕಿ ಬಂದಿತ್ತು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮೂವತ್ತೊಂದು ವರ್ಷ ಮನಿಯಾರ್ಡರ್ ಫಾರಂನಲ್ಲಿ ಒಂದು ರೂಪಾಯಿ ಆಚೀಚೆ ಆಗದ ಹಾಗೆ ನೋಡಿಕೊಂಡವಳು, ಎರಡು ಗಂಟೆಯನ್ನು ಎಂಬತ್ತು ಗಂಟೆ ಮಾಡಿದೆ. ಇನ್ನು ಮುಂದೆ ಮಾಡುವುದಿಲ್ಲ. ಅಕ್ಕಿ ಬರಲಿ, ಬಿಡಲಿ.

ಆ ಒಂಬತ್ತರಲ್ಲಿ ಒಬ್ಬ ಮಾತ್ರ ಮತ್ತೆ ಬಂದ. ಕಂಪ್ಯೂಟರ್ ಸೈನ್ಸ್ ಹುಡುಗ, ಹಾಸನದ ಕಡೆಯವನು. ಅವನ ಕತೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವು ಮಕ್ಕಳನ್ನು ಎಲ್ಲಿಗೆ, ಯಾವ ಕೆಲಸಕ್ಕೆ ಕಳಿಸಬಹುದು ಅನ್ನುವುದು ಅದರಲ್ಲೇ ಇದೆ.

ನಮ್ಮ ಹುಡುಗಿಯರು ಈಗ ಹೆಚ್ಚಾಗಿ ಫೋನಿನಲ್ಲೇ ಓದುವುದು. ಫೋನಿನಲ್ಲಿ ಟಾಕ್‌ಬ್ಯಾಕ್, ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಎನ್‌ವಿಡಿಎ. ಪರದೆ ಮೇಲಿನ ಕನ್ನಡವನ್ನು ಅವು ಓದಿ ಹೇಳುತ್ತವೆ, ಸ್ವಲ್ಪ ರೋಬೋಟ್ ಥರ ಇರುತ್ತದೆ, ಅಭ್ಯಾಸವಾದರೆ ಸರಿಹೋಗುತ್ತದೆ. ಆದರೆ ನಿಮ್ಮ ಅಧ್ಯಾಪಕರು ವಾಟ್ಸಾಪಿನಲ್ಲಿ ಕಳಿಸುವ ನೋಟ್ಸ್ ಹೇಗಿರುತ್ತದೆ? ಅರ್ಧ, ನೋಟ್‌ಬುಕ್ಕಿನ ಫೋಟೋ. ಅದು ಇವರಿಗೆ ಖಾಲಿ ಹಾಳೆ. ಇನ್ನರ್ಧ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಿಚಡಿ, ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್ ಅಲ್ಲವಲ್ಲ. ಫೋನ್ ಅದನ್ನು ಹೇಗೆ ಓದುತ್ತದೆ ಅಂತ ನಮ್ಮ ಹುಡುಗಿಯೊಬ್ಬಳು ಮಿಮಿಕ್ರಿ ಮಾಡಿ ತೋರಿಸುತ್ತಾಳೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಕ್ಕಾದ ಮೇಲೆ ನೋಟ್ಸ್ ಮಾತ್ರ ಓದಲು ಆಗುವುದಿಲ್ಲ.

ಈ ಹುಡುಗ ಆ ಮಿಮಿಕ್ರಿ ಕೇಳಿದ. ಆಂಟಿ, ಲ್ಯಾಪ್‌ಟಾಪ್ ಇಡೋಕೆ ಟೇಬಲ್ ಇದೆಯಾ ಅಂದ. ಫೈಲನ್ನು ಯೂನಿಕೋಡಿಗೆ ತಿರುಗಿಸಲು ಹತ್ತು ನಿಮಿಷವೂ ಬೇಡ, ಅದಕ್ಕೆ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂತಿರುತ್ತದೆ. ಧರ್ಮ ಹೋಗಿ 'ಧಮರ್', ವರ್ಷ ಹೋಗಿ 'ವಷರ್'. ನಾವಾದರೆ ನೋಡಿ ಊಹಿಸಿಕೊಳ್ಳುತ್ತೇವೆ. ಫೋನ್ ಧಮರ್ ಅಂತಲೇ ಓದುತ್ತದೆ, ಹುಡುಗಿಯೂ ಪರೀಕ್ಷೆಯಲ್ಲಿ ಧಮರ್ ಅಂತಲೇ ಹೇಳಿದರೆ? ಅದಕ್ಕೆ ಇವನು ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದುವುದು, ಪಕ್ಕದಲ್ಲಿ ಹುಡುಗಿ ಕೂತು ಕೇಳುವುದು, ತಪ್ಪಿದ್ದಲ್ಲಿ ತಿದ್ದುವುದು. ಒಂದು ಶನಿವಾರಕ್ಕೆ ಹೆಚ್ಚೆಂದರೆ ಹದಿನೈದು ಪುಟ. ಅವನ ಪಾಯಿಂಟ್ ಎಂದೋ ಮುಗಿದಿತ್ತು. ಯಾಕಪ್ಪ ಇನ್ನೂ ಬರ್ತೀಯ ಅಂತ ಕೇಳಿದೆ. "ಶನಿವಾರ ಇಲ್ಲಿ ಚಿತ್ರಾನ್ನ ಚೆನ್ನಾಗಿರುತ್ತೆ ಆಂಟಿ" ಅಂದ. ನಮ್ಮ ಪಿಜಿ ಊಟ ನೋಡಿದ್ದರೆ ನಿಮಗೆ ಗೊತ್ತಾಗ್ತಿತ್ತು ಅಂತ ಬೇರೆ ಸೇರಿಸಿದ. ಹೋದ ವರ್ಷ ಕೆಲಸ ಸಿಕ್ಕಿ ಹೋದ. ಅವನು ತಿದ್ದಿಕೊಟ್ಟ ಸಮಾಜಶಾಸ್ತ್ರದ ನೋಟ್ಸನ್ನು ಈಗ ಮೂರನೇ ಬ್ಯಾಚ್ ಓದುತ್ತಿದೆ.

ಎನ್‌ಎಸ್‌ಎಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧೀಜಿಯವರ ನೂರನೇ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಶುರು ಮಾಡಿದವರು ಆಗಿನ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಸೇರಿದ ಮಕ್ಕಳು ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ವರ್ಷಕ್ಕೆ 120. ಈ 120ನ್ನು ಹಂಚಿ ನೋಡಿ. ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ, ಅಷ್ಟೇ. ನಿಮ್ಮಲ್ಲಿ ಈ ಗಂಟೆಗಳು ಯಾವುದಕ್ಕೆ ಖರ್ಚಾಗುತ್ತವೆ ಅಂತ ಮಕ್ಕಳನ್ನು ಕೇಳಿದ್ದೇನೆ. ಕಾಲೇಜಿನ ಮುಂದೆ ಕಸ ಗುಡಿಸುವುದು, ಮಂತ್ರಿ ಬಂದಾಗ ಕುರ್ಚಿ ಹಾಕುವುದು, ಜಾಥಾ. ಜಾಥಾದಲ್ಲಿ ಏನು ಕೂಗಿದಿರಿ ಅಂದರೆ ಅರ್ಧ ಜನಕ್ಕೆ ನೆನಪಿಲ್ಲ.

ಕಾರ್ಯಕ್ರಮಾಧಿಕಾರಿಗಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಒಂದು ಯೂನಿಟ್ ಅಂದರೆ ನೂರು ಮಕ್ಕಳು, ನೋಡಿಕೊಳ್ಳುವವರು ಒಬ್ಬರು, ಅವರಿಗೂ ಪಾಠ ಇದೆ, ಪೇಪರ್ ತಿದ್ದುವುದಿದೆ, ವರದಿ ಬರೆಯುವುದಿದೆ. ವರದಿಗೆ ಫೋಟೋ ಬೇಕೇ ಬೇಕು. ನಲವತ್ತು ಜನ ಒಂದೇ ಫ್ರೇಮಿನಲ್ಲಿದ್ದರೆ ಒಂದು ಪುಟ ತುಂಬುತ್ತದೆ. ಇಬ್ಬರು ಹುಡುಗಿಯರು ಮೂಲೆಯಲ್ಲಿ ಕೂತು ಅರ್ಥಶಾಸ್ತ್ರ ಓದಿ ಹೇಳುವುದನ್ನು ಫೋಟೋ ತೆಗೆದರೆ ಏನೂ ಕಾಣುವುದಿಲ್ಲ. ಹಾಗಾಗಿ ನಮ್ಮಂಥ ಸಂಸ್ಥೆಗಳಿಗೆ ಸಿಗುವುದು ಫೋಟೋಗೆ ಸರಿಹೋಗುವ ಸೇವೆ ಮಾತ್ರ. ವೃದ್ಧಾಶ್ರಮ ನಡೆಸುವ ಗೆಳತಿಯೊಬ್ಬರೂ ಇದನ್ನೇ ಹೇಳುತ್ತಾರೆ. ಅವರಲ್ಲಿ ಅಕ್ಟೋಬರ್ 2ಕ್ಕೆ ಕೂರಲು ಜಾಗ ಇರುವುದಿಲ್ಲ, 3ನೇ ತಾರೀಕು ಮಾತ್ರೆ ತರಲು ಜನ ಇರುವುದಿಲ್ಲ.

ಈಗ ನಾನು ಕೇಳುವುದಿಷ್ಟು.

ಎಲ್ಲಕ್ಕಿಂತ ಮೊದಲು, ಸ್ಕ್ರೈಬ್ ಆಗಿ ಹೋಗುವ ವಿದ್ಯಾರ್ಥಿಗೆ ಆ ದಿನದ ಓ.ಡಿ., ಅಂದರೆ 'ಆನ್ ಡ್ಯೂಟಿ' ಹಾಜರಾತಿ, ಕೊಡಿ. ಅವತ್ತು ಇಂಟರ್ನಲ್ಸ್ ಇದ್ದರೆ ಬೇರೆ ದಿನ ಬರೆಸಿ. ಕಬಡ್ಡಿ ಟೀಮಿಗೆ ಕೊಡುತ್ತೀರಿ, ಯೂತ್ ಫೆಸ್ಟಿವಲ್ಲಿಗೆ ಕೊಡುತ್ತೀರಿ, ಕೊಡಬೇಕಾದ್ದೇ. ಪರೀಕ್ಷಾ ಕೇಂದ್ರದಿಂದ ಸಹಿ ಮಾಡಿದ ಪತ್ರ ನಾವು ತಂದುಕೊಡುತ್ತೇವೆ, ಸಂದೇಹವಿದ್ದರೆ ಫೋನ್ ಮಾಡಿ ವಿಚಾರಿಸಿ. 75 ಪರ್ಸೆಂಟ್ ಹಾಜರಾತಿಗೆ ಹೆದರಿ ಒಳ್ಳೆಯ ಹುಡುಗಿಯರು ಹಿಂದೆ ಸರಿಯುತ್ತಿದ್ದಾರೆ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರ ತನಕ ಕೂತು ಬೇರೆಯವರ ಪರೀಕ್ಷೆ ಬರೆದವಳಿಗೆ ಆಬ್ಸೆಂಟ್ ಹಾಕುವುದು ಎಂಥ ನ್ಯಾಯ, ಹೇಳಿ.

ಆಮೇಲೆ, ಸೆಮಿಸ್ಟರ್ ಶುರುವಾದಾಗಲೇ ಪ್ರತಿ ಕಾಲೇಜಿನಲ್ಲಿ ಒಂದು ಪಟ್ಟಿ ಮಾಡಿ. ಅಕ್ಷರ ದುಂಡಾಗಿರುವ, ಕನ್ನಡ ಬೇಗ ಬರೆಯುವ, ಮನಸ್ಸಿರುವ ಹತ್ತು ಮಕ್ಕಳು ಸಾಕು. ಜಿಲ್ಲಾ ಮಟ್ಟದಲ್ಲಿ ಸ್ಕ್ರೈಬ್‌ಗಳ ಪ್ಯಾನೆಲ್ ಇಟ್ಟುಕೊಳ್ಳಬಹುದು ಅಂತ 2018ರ ಮಾರ್ಗಸೂಚಿ ಪರೀಕ್ಷೆ ನಡೆಸುವವರಿಗೆ ಹೇಳಿದೆ. ಹಾಗೆ ಕೊಟ್ಟ ಸ್ಕ್ರೈಬನ್ನು ಅಭ್ಯರ್ಥಿ ಎರಡು ದಿನ ಮೊದಲೇ ಭೇಟಿಯಾಗಲು ಬಿಡಬೇಕು ಅಂತಲೂ ಇದೆ. ಅಂಥ ಪ್ಯಾನೆಲ್ ನನ್ನ ಕೈಗಂತೂ ಇನ್ನೂ ಸಿಕ್ಕಿಲ್ಲ. ಈಗಿರುವ ಪ್ಯಾನೆಲ್ ಅಂದರೆ ನನ್ನ ಫೋನಿನ ಕಾಂಟ್ಯಾಕ್ಟ್ ಲಿಸ್ಟ್, ಅದರಲ್ಲೂ ಅರ್ಧ ನಂಬರು ಸ್ವಿಚ್ ಆಫ್. ನೀವು ನಾಲ್ಕೈದು ಕಾಲೇಜಿನವರು ಸೇರಿದರೆ ಒಂದು ವಾರದಲ್ಲಿ ಇದು ಆಗುವ ಕೆಲಸ.

ನಲವತ್ತು ಜನರನ್ನು ಒಂದು ದಿನ ಕಳಿಸಬೇಡಿ. ನಾಲ್ಕು ಜನರನ್ನು ಇಡೀ ವರ್ಷ ಕಳಿಸಿ. ಮೊದಲ ಎರಡು ವಾರ ಅವರಿಂದ ಏನೂ ಪ್ರಯೋಜನ ಇರುವುದಿಲ್ಲ, ನಿಜ. ಪ್ರಶ್ನೆಯನ್ನು ಪೂರ್ತಿ ಓದಿ ಮುಗಿಸಿ ಸುಮ್ಮನೆ ಕಾಯಬೇಕು, ಮಧ್ಯೆ "ಗೊತ್ತಾಯ್ತಾ?" ಅನ್ನಬಾರದು, ನಡೆಯುವಾಗ ಅವರ ಕೈ ಹಿಡಿದು ಎಳೆಯಬಾರದು, ನಿಮ್ಮ ಮೊಣಕೈ ಹಿಡಿಯಲು ಬಿಡಬೇಕು. ಇದೆಲ್ಲ ಕಲಿಯಲು ಸಮಯ ಬೇಕಲ್ಲ. ಮೂರನೇ ವಾರದಿಂದ ಹುಡುಗಿಯರು ಅವರ ಹೆಜ್ಜೆ ಸದ್ದಿಗೇ ಹೆಸರು ಹಿಡಿದು ಕರೆಯುತ್ತಾರೆ.

ಗಂಟೆ ಲೆಕ್ಕವನ್ನು ನಮಗೆ ಬಿಡಿ. ಗೇಟಿನಲ್ಲಿ ರಿಜಿಸ್ಟರ್ ಇದೆ, ಬಂದ ಹೊತ್ತು, ಹೋದ ಹೊತ್ತು ಬರೆದು ಸಹಿ ಮಾಡಲಿ. ಎಷ್ಟಿದೆಯೋ ಅಷ್ಟೇ ಬರೆದುಕೊಡುತ್ತೇವೆ. ನಾವೂ ಸುಧಾರಿಸಬೇಕು, ಒಪ್ಪುತ್ತೇನೆ. ಬಂದ ಮಕ್ಕಳಿಗೆ ಏನು ಕೆಲಸ ಅಂತ ಮೊದಲೇ ಯೋಚಿಸದೆ ಗಂಟೆಗಟ್ಟಲೆ ಕಾಯಿಸಿ ಕಳಿಸಿದ್ದೂ ಉಂಟು. ಈಗ ವಾರದ ಕೆಲಸದ ಪಟ್ಟಿಯನ್ನು ಬಾಗಿಲಿಗೇ ಅಂಟಿಸುತ್ತಿದ್ದೇವೆ. ಹೆಣ್ಣುಮಕ್ಕಳ ಹಾಸ್ಟೆಲ್ ಆದ್ದರಿಂದ ಹುಡುಗರಿಗೆ ಕೆಲಸ ಮುಂದಿನ ಹಾಲಿನಲ್ಲೇ, ವಾರ್ಡನ್ ಇದ್ದಾಗಲೇ. ಕಾಲೇಜಿನ ಪತ್ರವಿಲ್ಲದೆ ಯಾರನ್ನೂ ಬಿಡುವುದಿಲ್ಲ. ಫೋಟೋ ಇಲ್ಲ, ರೀಲ್ಸ್ ಅಂತೂ ಇಲ್ಲವೇ ಇಲ್ಲ. ಇದನ್ನು ಬಿಗುಮಾನ ಅಂದುಕೊಳ್ಳಬೇಡಿ, ಆ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ.

ಇನ್ನೊಂದು, ಇದಕ್ಕೆ ಒಬ್ಬ ಸ್ವಯಂಸೇವಕನೂ ಬೇಡ. ನೋಟ್ಸನ್ನು ದಯವಿಟ್ಟು ಯೂನಿಕೋಡಿನಲ್ಲಿ ಟೈಪ್ ಮಾಡಲು ನಿಮ್ಮ ಅಧ್ಯಾಪಕರಿಗೆ ಹೇಳಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ವಿದ್ಯಾರ್ಥಿಗಳೇ, ಪತ್ರ ಪ್ರಿನ್ಸಿಪಾಲರಿಗೆ ಬರೆದಿದ್ದರೂ ಓದುವವರು ನೀವೇ ಜಾಸ್ತಿ ಅಂತ ಗೊತ್ತು. ನಿಮ್ಮ ಕಾಲೇಜಿನವರು ಕಳಿಸುವ ತನಕ ಕಾಯಬೇಕಾಗಿಲ್ಲ, ನೀವೇ ಹೋಗಿ ಪತ್ರ ಕೇಳಿ ತನ್ನಿ. ನಮ್ಮಲ್ಲಿಗೇ ಬರಬೇಕು ಅಂತಲೂ ಇಲ್ಲ. ನಿಮ್ಮ ಪಿಜಿ ಇರುವ ಬೀದಿಯಲ್ಲೇ ಏನೋ ಒಂದು ಇರುತ್ತದೆ, ಬೋರ್ಡು ಸಣ್ಣದಿರುತ್ತದೆ. ಕನ್ನಡ ಕೈಬರಹ ಚೆನ್ನಾಗಿದ್ದವರು ಮಾತ್ರ ಬೇರೆ ಕಡೆ ಹೋಗಬೇಡಿ, ನನಗೆ ಬೇಕು.

ಶನಿವಾರ ಮಧ್ಯಾಹ್ನ ಎರಡೂವರೆಗೆ ಗೇಟು ತೆಗೆದಿರುತ್ತದೆ. ಈ ಸೆಮಿಸ್ಟರಿನಲ್ಲಿ ನಮ್ಮಿಂದ ಒಂಬತ್ತು ಜನ ಪರೀಕ್ಷೆಗೆ ಕೂರುತ್ತಿದ್ದಾರೆ. ಏಳು ಜನಕ್ಕೆ ಸ್ಕ್ರೈಬ್ ಸಿಕ್ಕಿದ್ದಾರೆ. ನಾಲ್ಕನೇ ಸೆಮಿಸ್ಟರ್ ಅರ್ಥಶಾಸ್ತ್ರಕ್ಕೂ, ಆರನೇ ಸೆಮಿಸ್ಟರ್ ಐಚ್ಛಿಕ ಕನ್ನಡಕ್ಕೂ ಇನ್ನೂ ಯಾರೂ ಇಲ್ಲ. ಐಚ್ಛಿಕ ಕನ್ನಡದವಳು ಆವತ್ತು ಒತ್ತು ಹೇಳಿಕೊಟ್ಟವಳೇ.

ಇಂತಿ,
ನಿವೃತ್ತ ಅಂಚೆ ನೌಕರಳೊಬ್ಬಳು
ಮೈಸೂರು